ಸೋಸಿ ಕಾಯಿಸಿದ ನೀರಿಗೂ ಬಗ್ಗದ ಬಣ್ಣದ ಕಾರ್ಟ್ರಿಜ್

ಬೇಡದ ದಿನ ಚಕಚಕ ಪುಟ ಉಗುಳುವ ಪ್ರಿಂಟರ್, ನಿಜವಾಗಿ ಬೇಕಾದ ದಿನವೇ ಬಣ್ಣದ ನಡುವೆ ಬಿಳಿ ಗೆರೆ ಎಳೆದು ನಿಮ್ಮನ್ನು ಅಣಕಿಸಿದೆಯೇ? ಕಾರ್ಟ್ರಿಜ್ ತೆಗೆದು, ಅಲುಗಾಡಿಸಿ, ಬಾಯಿಂದ ಊದಿ, ಬೈದು, ಮತ್ತೆ ಅದೇ ಜಾಗದಲ್ಲಿ ಕೂರಿಸಿ, ಅದೇ ಬಿಳಿ ಗೆರೆ ನೋಡಿದ್ದೀರಾ? ನೋಡಿದ್ದರೆ ಮುಂದೆ ಓದಿ. ನೋಡಿಲ್ಲದಿದ್ದರೆ ನೀವು ಪುಣ್ಯವಂತರು, ಆದರೂ ಓದಿ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ನಿಪ್ಪಾಣಿಯಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟಿದ್ದರು. ಯಂತ್ರಗಳೆಲ್ಲ ಅವರವು, ಅವನ್ನು ನಡೆಸುವ ಕೈ ನನ್ನದು. ಆ ಬೇಸಿಗೆಯಲ್ಲಿ ಹೊಸದಾಗಿ ಬಣ್ಣದ ಇಂಕ್‌ಜೆಟ್ ಪ್ರಿಂಟರ್ ಬಂದಿತ್ತು. ಕಾಕಾ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಬಂದವರಿಗೆಲ್ಲ ಬಟ್ಟೆ ಸರಿಸಿ ತೋರಿಸಿ, ಮತ್ತೆ ಹೊದಿಸುತ್ತಿದ್ದರು.

ಆ ಪ್ರಿಂಟರಿನ ಸುದ್ದಿ ಕೇಳಿಯೇ ಬೋರಗಾಂವದ ವೈನಿ ಬಂದದ್ದು. ದೂರದ ಸಂಬಂಧದಲ್ಲಿ ಅತ್ತಿಗೆ, ನಾವೆಲ್ಲ ವೈನಿ ಅಂತಲೇ ಕರೆಯುತ್ತಿದ್ದೆವು. ಅವರ ಗಂಡನ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಬೇರೆಯವರು ಕೊಟ್ಟ ನೂಲನ್ನು ಬೇರೆಯವರು ಹೇಳಿದಂತೆ ನೇಯ್ದು ಕೊಡುವುದಷ್ಟೇ ಕೆಲಸ, ತಮ್ಮದೆನ್ನುವ ಒಂದು ಸೀರೆ ಇಲ್ಲ. ವೈನಿ ಚೌಕುಳಿ ಕಾಗದದ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಸೀರೆಯ ಡಿಸೈನು ಬರೆಯುತ್ತಿದ್ದರು. ಅವರ ಮಾವನವರು ಬಹಳ ದಿನ ಕೇಳಿಸಿಕೊಳ್ಳದೆ ಇದ್ದು, ಕೊನೆಗೆ ಒಂದು ಮಾತು ಕೊಟ್ಟಿದ್ದರು. ಶನಿವಾರ ಇಚಲಕರಂಜಿಯ ವ್ಯಾಪಾರಿ ಮನೆಗೆ ಬರುತ್ತಾನೆ. ಅವನು ಡಿಸೈನು ಕೈಯಲ್ಲಿ ಹಿಡಿದು ಹೂಂ ಅಂದರೆ ಒಂದು ಮಗ್ಗ ವೈನಿಯದು. ಒಲ್ಲೆ ಅಂದರೆ ನಾಲ್ಕೂ ಮಗ್ಗಗಳನ್ನು ಬೇರೆಯವರಿಗೆ ನಡೆಸಲು ಕೊಟ್ಟುಬಿಡುವುದು, ಆಮೇಲೆ ಆ ಮನೆಯಲ್ಲಿ ಡಿಸೈನಿನ ಮಾತೇ ಇಲ್ಲ.

"ಕೈಲೆ ತಗದದ್ದ ತೋರ್ಸಿದ್ರ ಅಂವ ನಗತಾನ ತಮ್ಮಾ," ಅಂದರು ವೈನಿ. "ಕಂಪ್ಯೂಟರ್‌ನ್ಯಾಗಿಂದ ಬಂದೈತಿ ಅಂದ್ರ ಹಿಡದ ನೋಡ್ತಾನ. ಅಷ್ಟ ಸಾಕು ನನಗ."

ಹಸಿರು ಒಡಲು, ಕೆಂಪು ಅಂಚು, ಅಂಚಿನೊಳಗೆ ಸಣ್ಣ ಹಳದಿ ಗೋಪುರಗಳ ಸಾಲು. ಕಂಪ್ಯೂಟರಿನಲ್ಲಿ ಚೌಕಕ್ಕೆ ಚೌಕ ಬಣ್ಣ ತುಂಬುತ್ತ ಕಣ್ಣು ಉರಿದವು. ಸೋಮವಾರ ಮಧ್ಯಾಹ್ನ ಪ್ರಿಂಟ್ ಕೊಟ್ಟೆ. ಅರ್ಧ ಪುಟ ಹೊರಬಂದಿತ್ತು, ಕರೆಂಟ್ ಹೋಯಿತು.

ಕರೆಂಟ್ ಹೋಗುವುದು ನಮಗೆ ಸುದ್ದಿಯೇ ಅಲ್ಲ. ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಇತ್ತು, ಪ್ರಿಂಟರಿಗೆ ಇರಲಿಲ್ಲ. ನಾನು ಅರ್ಧ ಕಾಗದವನ್ನು ಎಳೆದು ತೆಗೆದು, ಕಸೂತಿ ಬಟ್ಟೆ ಹೊದಿಸಿ ಹೋದೆ. ನನಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಇಂಕ್‌ಜೆಟ್ ಕೆಲಸ ಮುಗಿದ ಮೇಲೆ ತನ್ನ ಕಾರ್ಟ್ರಿಜ್ಜನ್ನು ಬಲಗಡೆಯ ಮೂಲೆಗೆ ಒಯ್ದು ರಬ್ಬರ್ ಟೊಪ್ಪಿಗೆಯ ಮೇಲೆ ಕೂರಿಸುತ್ತದೆ. ಅಲ್ಲಿ ಕೂತರೆ ಶಾಯಿ ಹಸಿಯಾಗಿರುತ್ತದೆ. ಅರ್ಧಕ್ಕೆ ಕರೆಂಟ್ ಹೋದರೆ ಅದು ದಾರಿಯ ಮಧ್ಯದಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಏಪ್ರಿಲ್ ತಿಂಗಳ ನಿಪ್ಪಾಣಿ. ಮರುದಿನ ಕರೆಂಟ್ ಬರುವ ಹೊತ್ತಿಗೆ ಶಾಯಿ ಕೂದಲಿಗಿಂತ ಸಣ್ಣ ಆ ತೂತುಗಳಲ್ಲಿ ಒಣಗಿ ಕೂತಿತ್ತು.

ಮಂಗಳವಾರದ ಪ್ರಿಂಟಿನಲ್ಲಿ ಹಸಿರಿನೊಳಗೆ ಬಿಳಿ ಗೆರೆಗಳು, ಕೆಂಪಿನೊಳಗೆ ಇನ್ನೂ ಹೆಚ್ಚು. ಬೇರೆ ಯಾವ ಕೆಲಸಕ್ಕಾದರೂ ನಡೆಯುತ್ತಿತ್ತು. ನೇಯ್ಗೆಯವರ ಕಣ್ಣಿಗೆ ಬಟ್ಟೆಯ ಚಿತ್ರದಲ್ಲಿ ಅಡ್ಡ ಬಿಳಿ ಗೆರೆ ಅಂದರೆ ಒಂದೇ ಅರ್ಥ: ಎಳೆ ಬಿಟ್ಟಿದೆ, ಮಗ್ಗ ಕೆಟ್ಟಿದೆ.

ಪ್ರಿಂಟರಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಕಾರ್ಟ್ರಿಜ್ ಸ್ವಚ್ಛ ಮಾಡುವ ಗುಂಡಿ ಒಂದಿತ್ತು. ಒತ್ತಿದೆ. ಒಳಗೆ ಗುರ್ ಗುರ್ ಸದ್ದು, ಮತ್ತೆ ಅದೇ ಗೆರೆ. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಅದು ಸ್ವಚ್ಛ ಮಾಡುವ ರೀತಿಯೇ ಶಾಯಿ ಚೆಲ್ಲುವುದು ಎಂದು ಶಾಯಿ ಮುಗಿದ ಮೇಲೆ ತಿಳಿಯಿತು. ಮೇಲಿನ ಸ್ಟಿಕ್ಕರ್ ಕಿತ್ತು, ಮೂರು ತೂತುಗಳಿಗೆ ಸಿರಿಂಜಿನಿಂದ ಮೂರು ಬಣ್ಣದ ಶಾಯಿ ತುಂಬಿದೆ. ಹೊಟ್ಟೆ ತುಂಬಿತು, ಬಾಯಿ ಮಾತ್ರ ಕಟ್ಟಿಕೊಂಡೇ ಇತ್ತು.

ಫ್ಲಾಪಿ ಹಿಡಿದು ಕೊಲ್ಹಾಪುರಕ್ಕೆ ಹೋಗಬಾರದಿತ್ತೇ ಎಂದು ನೀವು ಕೇಳುತ್ತೀರಿ. ಹೋದೆ. ಅಲ್ಲಿನ ಕಂಪ್ಯೂಟರ್ ನನ್ನ ಫ್ಲಾಪಿಯನ್ನು ಓದಲೇ ಇಲ್ಲ. ಹೊಸ ಕಾರ್ಟ್ರಿಜ್ ಕೇಳಿದರೆ ಮುಂದಿನ ವಾರ ಬರುತ್ತದೆ ಅಂದರು. ಅಂಗಡಿಯವನು ಕನಿಕರದಿಂದ ಒಂದು ಉಪಾಯ ಹೇಳಿ ಕಳಿಸಿದ. ಬಟ್ಟಿ ಇಳಿಸಿದ ನೀರು, ಅದಕ್ಕೆ ಸ್ವಲ್ಪ ಸ್ಪಿರಿಟ್, ಇಲ್ಲವೆಂದರೆ ಕೆಲವೇ ಹನಿ ಅಮೋನಿಯಾ. ಅದರಲ್ಲಿ ಕಾರ್ಟ್ರಿಜ್ಜಿನ ಬಾಯಿ ಮಾತ್ರ ನೆನೆಸಿಡಬೇಕು. ತಿಕ್ಕಬಾರದು, ಚುಚ್ಚಬಾರದು.

ಮನೆಗೆ ಬಂದು ಕಾಕಾನ ಮುಂದೆ ಸ್ಪಿರಿಟ್ ಎಂಬ ಶಬ್ದ ತೆಗೆದೆ. ನಮ್ಮದು ಜೈನರ ಮನೆ, ಕಾಕಾ ಅದರಲ್ಲೂ ಕಟ್ಟುನಿಟ್ಟು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನುಷ್ಯ.

"ಸ್ಪಿರಿಟ್ ಅಂದ್ರ ದಾರೂನ ಅಲ್ಲೇನು?"

"ಕುಡ್ಯಾಕ ಅಲ್ರಿ ಕಾಕಾ. ಮಷೀನಿಗೆ."

"ಮಷೀನ್ ಎಲ್ಲೈತಿ? ನನ್ನ ಮನ್ಯಾಗ ಐತಿ. ಆ ವಾಸನಿ ಈ ಹೊಸ್ತಲಾ ದಾಟಂಗಿಲ್ಲ. ನೀರ ಬೇಕಂದ್ರ ನಮ್ಮನಿ ನೀರ ತಗೊ. ಇದಕ್ಕಿಂತ ಚೊಕ್ಕ ನೀರ ಈ ಊರಾಗ ಯಾರ ಮನ್ಯಾಗೈತಿ ಹೇಳ ನೋಡೂಣು."

ನಾನೂ ಹಾಗೆಯೇ ನಂಬಿದ್ದೆ. ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ಬಾವಿಯ ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಜೀವ ಸಾಯಬಾರದೆಂದು ಅದನ್ನು ತಿರುಗಿಸಿ ತೊಳೆದು, ಆ ನೀರನ್ನು ಮತ್ತೆ ಬಾವಿಗೇ ಬಿಡುತ್ತಿದ್ದರು. ಸೋಸಿದ್ದನ್ನು ಕಳಕಳ ಕುದಿಸಿ, ಮುಚ್ಚಿಟ್ಟು, ಕುಡಿಯಲು ಕೊಡುತ್ತಿದ್ದರು. ಇಷ್ಟು ಸಂಸ್ಕಾರ ಆದ ನೀರಿಗಿಂತ ಶುದ್ಧ ನೀರು ಮತ್ತೆ ಯಾವುದು? ಬಟ್ಟಿ ಇಳಿಸುವುದು ಅಂದರೆ ಕುದಿಸುವುದೇ ತಾನೆ ಎಂದು ನಾವಿಬ್ಬರೂ ಒಪ್ಪಿಕೊಂಡೆವು.

ಬುಧವಾರ ಇಡೀ ದಿನ ಆ ನೀರಿನ ಸೇವೆ. ಚಹಾದ ಬಸಿಯಲ್ಲಿ ಬಟ್ಟೆ ಮಡಿಸಿಟ್ಟು, ಬೆಚ್ಚಗಿನ ನೀರು ಹೊಯ್ದು, ಕಾರ್ಟ್ರಿಜ್ಜಿನ ಬಾಯಿ ಕೆಳಗೆ ಮಾಡಿ ಇಟ್ಟೆ. ನೀರಿಗೆ ಬಣ್ಣ ಇಳಿಯಿತು. ತೆಗೆದು ಒಣ ಬಟ್ಟೆಗೆ ಒತ್ತಿದರೆ ನೀಲಿ, ಗುಲಾಬಿ, ಹಳದಿ ಮೂರೂ ಪಟ್ಟಿ ಸಾಲಾಗಿ ಮೂಡಿದವು. ಕಾಕಾ ನನ್ನ ಬೆನ್ನು ತಟ್ಟಿದರು. ಪ್ರಿಂಟ್ ಕೊಟ್ಟರೆ ಕಾಲು ಪುಟ ಚೆಂದ ಬಂದು ಮತ್ತೆ ಗೆರೆ. ಮತ್ತೆ ನೆನೆಸಿದೆ, ಮತ್ತೆ ಒಣಗಿಸಿದೆ. ಪ್ರತಿ ಸಲವೂ ಮೊದಲು ಸುಧಾರಿಸಿದಂತೆ ತೋರಿ, ಒಣಗಿದ ಮೇಲೆ ಮೊದಲಿಗಿಂತ ಕೆಡುತ್ತಿತ್ತು. ಕಾಕಾ ಹೇಳಿದ ಮದ್ದು ಒಂದೇ, ಇನ್ನೂ ಬಿಸಿ ಮಾಡು. ಬೆರಳೆಲ್ಲ ಮೂರು ಬಣ್ಣ. ಊಟದ ತಾಟಿಗೂ ಬಣ್ಣ, ಕಾಕುವಿನ ಮುಖಕ್ಕೆ ಸಿಟ್ಟು. ಒತ್ತಲು ನಾನು ತೆಗೆದುಕೊಂಡಿದ್ದ ಮೆತ್ತನೆಯ ಹೊಸ ಬಟ್ಟೆ ಅವರು ನೀರು ಸೋಸಲು ಎತ್ತಿಟ್ಟದ್ದಂತೆ.

ಗುರುವಾರ ಬೆಳಿಗ್ಗೆ ಕಾರ್ಟ್ರಿಜ್ ಹಾಕಿದರೆ ಪ್ರಿಂಟರ್ ಅದನ್ನು ಗುರುತಿಸಲೇ ಇಲ್ಲ, ಕೆಂಪು ದೀಪ ಮಿಣುಕಿಸಿತು. ಎತ್ತಿ ಬಿಸಿಲಿಗೆ ಹಿಡಿದೆ. ಹಿಂಬದಿಯಲ್ಲಿ ಪ್ರಿಂಟರಿಗೆ ತಾಗುವ ತಾಮ್ರದ ಚುಕ್ಕೆಗಳ ಮೇಲೆ ಸುಣ್ಣ ಬಳಿದಂತೆ ತೆಳ್ಳಗೆ ಬಿಳಿ ಪದರ. ಕಾಕಾ ಪಂಚಾಂಗ ಓದುವ ಭೂತಗನ್ನಡಿ ತಂದು ಬಾಯಿಯ ಮೇಲೆ ಹಿಡಿದರೆ, ಆ ಬಂಗಾರದ ಬಣ್ಣದ ತಗಡಿನ ಮೇಲೂ ಅದೇ ಬಿಳುಪು, ಗುಲಾಬಿ ತೂತುಗಳ ಸಾಲಿನ ಸುತ್ತ ಎಲ್ಲಕ್ಕಿಂತ ದಟ್ಟ.

ಅಡುಗೆಮನೆಗೆ ಹೋಗಿ ನೀರು ಕುದಿಸುವ ಪಾತ್ರೆಯ ಒಳಗೆ ಕೈಯಾಡಿಸಿದೆ. ತಳದಲ್ಲಿ ಗರಗರ ಬಿಳಿ ಪದರ. ಹುಟ್ಟಿದಾಗಿನಿಂದ ನೋಡಿದ ಪದರ, ಒಂದು ದಿನವೂ ಅದು ಏನೆಂದು ಕೇಳಿರಲಿಲ್ಲ. ಬಟ್ಟೆ ಜೀವಗಳನ್ನು ತಡೆಯುತ್ತದೆ, ಬಾವಿಯ ನೀರಿನಲ್ಲಿ ಕರಗಿದ ಸುಣ್ಣದಂಥ ಉಪ್ಪನ್ನಲ್ಲ. ಕುದಿಸಿದರೆ ಹಬೆ ಹಾರಿಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ನಮಗೆ ಬೇಕಾಗಿದ್ದದ್ದು ಆ ಹಬೆಯನ್ನು ತಣಿಸಿ ಹಿಡಿದ ನೀರು, ನಾವು ಹಾಕಿದ್ದು ಪಾತ್ರೆಯಲ್ಲಿ ಉಳಿದದ್ದು. ಒಂದು ದಿನ ಪೂರ್ತಿ ನಾನು ಆ ಸಣ್ಣ ತೂತುಗಳಿಗೆ ಸುಣ್ಣ ಬಳಿದು ಕೂತಿದ್ದೆ.

"ಕಾಕಾ, ನೀರಾಗ ಉಪ್ಪೈತ್ರಿ."

ಅವರಿಗೆ ಮೈ ಉರಿಯಿತು. "ನಮ್ಮಪ್ಪ ಕುಡದ, ನಾ ಕುಡದೆ, ನೀ ಕುಡದಿ. ಯಾರಿಗೇನಾಗೈತಿ?"

"ನಮ್ಮ ಗಂಟಲ ತೂತ ಇಷ್ಟ ಸಣ್ಣದಿಲ್ರಿ."

ಒಳಗಿನಿಂದ ಕಾಕು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಕಾಕಾ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸದಿಯ ಕಡೆ ಹೋದರು.

ನಾನು ಔಷಧ ಅಂಗಡಿಗೆ ಹೋದೆ. ಇಂಜೆಕ್ಷನ್ ಪುಡಿ ಕಲಸಲು ಗಾಜಿನ ಸಣ್ಣ ಶೀಶೆಯಲ್ಲಿ ಬರುವ ನೀರು ಇರುತ್ತದಲ್ಲ, ಅದು ಬಟ್ಟಿ ಇಳಿಸಿದ ನೀರೇ. ಬೊಗಸೆ ತುಂಬ ಕೇಳಿದೆ. ಅಂಗಡಿಯವನು ಗಾಬರಿಯಿಂದ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದ. ಪ್ರಿಂಟರಿಗೆ ಅಂದೆ. ಅವನು ನಂಬಿದನೋ ಇಲ್ಲವೋ, ಸೂಜಿ ಮಾತ್ರ ಕೊಡುವುದಿಲ್ಲ ಎಂದು ಖಡಾಖಂಡಿತ ಹೇಳಿ ಶೀಶೆಗಳನ್ನು ಕೊಟ್ಟ. ಅಮೋನಿಯಾಕ್ಕೆ ಚಿಕ್ಕೋಡಿಗೆ ಬಸ್ ಹಿಡಿದೆ. ಕಟ್ಟಡದ ನಕಾಶೆಗಳ ನೀಲಿ ಪ್ರತಿ ತೆಗೆಯುವ ಅಂಗಡಿಯಲ್ಲಿ ಅದು ಜಾಡಿಯಲ್ಲಿ ಇರುತ್ತಿತ್ತು. ಅಲ್ಲಿಯವರು ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಚೂರು ಹಾಕಿಕೊಟ್ಟರು. ಮುಚ್ಚಳ ತೆಗೆದು ಮೂಸಬೇಡ ಅಂದಿದ್ದರು, ಮೂಸಿದೆ, ಬಸ್ಸಿನಲ್ಲಿ ನಿಪ್ಪಾಣಿಯವರೆಗೂ ಕಣ್ಣೀರು ಸುರಿಯಿತು. ಪಕ್ಕದ ಮುದುಕಿ ಯಾರು ತೀರಿಕೊಂಡರು ಮಗನೇ ಎಂದು ಕೇಳಿದಳು.

ಶುಕ್ರವಾರ ಬೆಳಿಗ್ಗೆ ಕಿಟಕಿ ಬಾಗಿಲು ಎಲ್ಲ ತೆರೆದು ಕೂತೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ಶೀಶೆಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಒಡೆದು, ಬಸಿಗೆ ಸುರಿದು, ಎರಡೇ ಹನಿ ಅಮೋನಿಯಾ ಬಿಟ್ಟೆ. ಕಾರ್ಟ್ರಿಜ್ಜಿನ ಬಾಯಿ ಮುಟ್ಟುವಷ್ಟೇ ನೀರು, ತಾಮ್ರದ ಚುಕ್ಕೆಗಳಿಗೆ ತಾಗದಂತೆ. ಬಣ್ಣ ಇಳಿದಂತೆ ನೀರು ಬದಲಿಸಿದೆ. ತಿಕ್ಕದೆ, ಬರೀ ಒತ್ತಿ ಎತ್ತಿದೆ. ಕೊನೆಗೆ ಅಮೋನಿಯಾ ಇಲ್ಲದ ಬರಿಯ ಶೀಶೆಯ ನೀರಿನಿಂದ ತೊಳೆದು, ಚುಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟೆ.

ನಡುವೆ ಒಂದು ಅನಾಹುತ ತಪ್ಪಿತು, ಇದನ್ನು ಮಾತ್ರ ಮರೆಯದೆ ಓದಿ. ಬಸಿಯ ನೀರು ಚೆಲ್ಲಲು ಬಚ್ಚಲಿಗೆ ಹೋದೆ. ಅಲ್ಲಿ ಕಾಕು ನನ್ನ ಶಾಯಿ ಅಂಗಿಯನ್ನು ಬಕೇಟಿನಲ್ಲಿ ನೆನೆಹಾಕಿದ್ದರು. ಅದರೊಳಗೇ ಸುರಿಯಲು ಬಸಿ ಬಗ್ಗಿಸಿದಾಗ ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಬಡಿಯಿತು. ಪಿಯುಸಿಯಲ್ಲಿ ಕಲಿತದ್ದು ಜೀವನದಲ್ಲಿ ಒಮ್ಮೆ ಉಪಯೋಗಕ್ಕೆ ಬಂತು. ಬ್ಲೀಚಿಂಗಿಗೆ ಅಮೋನಿಯಾ ಸೇರಿದರೆ ವಿಷದ ಹೊಗೆ, ಮುಚ್ಚಿದ ಬಚ್ಚಲಿನಲ್ಲಿ ಅದು ಚೇಷ್ಟೆಯಲ್ಲ. ಹಿತ್ತಲಿಗೆ ಹೋಗಿ ಬರಿನೆಲದಲ್ಲಿ ಚೆಲ್ಲಿ, ಕಾಕುವಿಗೆ ಬಕೇಟು ಬೇರೆ ಕಡೆ ಇಡಲು ಹೇಳಿದೆ.

ಮಧ್ಯಾಹ್ನ ಕಾರ್ಟ್ರಿಜ್ ಹಾಕಿದೆ. ಕೆಂಪು ದೀಪ ಆರಿತು. ನೀಲಿ ತುಂಬಿ ಬಂತು, ಹಳದಿ ತುಂಬಿ ಬಂತು, ಹಸಿರು ಒಡಲು ಒಂದು ಗೆರೆಯಿಲ್ಲದೆ ಹೊರಬಿತ್ತು. ಹಳದಿಗೆ ಸೇರಿ ಕೆಂಪಾಗಬೇಕಿದ್ದ ಗುಲಾಬಿ ಮಾತ್ರ ಸರಿಯಾಗಿ ಬರಲಿಲ್ಲ. ಕೆಂಪು ಆಗಬೇಕಿದ್ದ ಅಂಚು ಹಳದಿಯ ಮೇಲೆ ಹರಕು ಹರಕು ಗುಲಾಬಿ ಎಳೆಗಳಾಗಿ ನಿಂತಿತು. ಆ ಸಾಲಿಗೆ ಮೆತ್ತಿದ ಸುಣ್ಣ ಈ ನೀರಿಗೆ ಕರಗುವ ಜಾತಿಯದಲ್ಲ.

ಕಾಕಾ ಬಸದಿಯಲ್ಲಿ ಸಿಟ್ಟು ಇಳಿಸಿಕೊಂಡು ಬಂದಿದ್ದರು. ಅವರ ಕೈಯಲ್ಲಿ ಗುಂಡುಸೂಜಿ. "ಒಂದ ಚೂರ ಕೆರದ್ರ ಬಿಡತೈತಿ ನೋಡ."

ಎರಡು ದಿನ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೆ. ಸುಣ್ಣ ಕೆರೆಯಲು ಹೋದರೆ ತಗಡು ಹರಿಯುತ್ತದೆ, ಮೂರೂ ಬಣ್ಣ ಒಂದರೊಳಗೊಂದು ಸೇರುತ್ತವೆ, ಕೈಯಲ್ಲಿರುವ ಹಸಿರೂ ಹೋಗುತ್ತದೆ. ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಶನಿವಾರಕ್ಕೆ ಒಂದೇ ರಾತ್ರಿ ಉಳಿದಿತ್ತು.

"ಇನ್ನ ಇದನ್ನ ಯಾರೂ ಮುಟ್ಟಂಗಿಲ್ರಿ ಕಾಕಾ. ನಾನೂ ಮುಟ್ಟಂಗಿಲ್ಲ."

ಅವರು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡರು.

ಅಷ್ಟರಲ್ಲಿ ವೈನಿ ಬಸ್ಸಿಳಿದು ಬಂದರು. ಕಾಗದ ಕೈಗೆ ಕೊಟ್ಟೆ. ಕರೆಂಟು, ಟೊಪ್ಪಿಗೆ, ಉಪ್ಪು, ಎಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಬೆಂಚಿನ ಮೇಲೆ ಕೂತು ಆ ಹರಕು ಅಂಚನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಿರಲಿಲ್ಲ, ಮುಖದಲ್ಲಿ ಬಣ್ಣವಿರಲಿಲ್ಲ.

"ಹಸರ ಛಲೋ ಬಂದೈತಿ," ಅಂದರು. ಹರಕು ಅಂಚಿನ ಮೇಲೆ ಬೆರಳಾಡಿಸಿ, "ಅಂಚ ಖಾಲಿ ಬಿಟ್ಟ ತಗದ ಕೊಡ್ತೀ ಏನ್ ತಮ್ಮಾ?"

"ಖಾಲಿ ಅಂಚ ತಗೊಂಡ ಏನ್ ಮಾಡ್ತೀರಿ ವೈನಿ?"

"ಕೆಂಪ ನಮ್ಮನಿ ಕಾಂಡಿ ಮ್ಯಾಲ ಸುತ್ತೈತಿ. ಅದನ್ನ ಕಾಗದದಾಗ ಹುಡುಕೂದ್ಯಾಕ?"

ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಉಂಡೆ. ಕರೆಂಟ್ ಹೋಗುವ ಮುಂಚೆ ಮುಗಿಯಲಿ ಎಂದು ದೇವರಿಗೆ ಕೈಮುಗಿದು, ಅಂಚು ಬೆಳ್ಳಗೆ ಬಿಟ್ಟು, ಹಸಿರು ಹಳದಿ ಮಾತ್ರ ಪ್ರಿಂಟ್ ತೆಗೆದುಕೊಟ್ಟೆ. ವೈನಿ ಅದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಸಂಜೆ ಬಸ್ಸಿಗೆ ಹೋದರು.

ಮರುದಿನ ನಾನೂ ಬೋರಗಾಂವಕ್ಕೆ ಹೋದೆ. ಯಾರೂ ಕರೆದಿರಲಿಲ್ಲ, ಅಂಗಡಿಯಲ್ಲಿ ಕೂರಲು ಆಗಲಿಲ್ಲ ಅಷ್ಟೇ. ವೈನಿ ಮೈದಾ ಅಂಟಿನಿಂದ ಕೆಂಪು ಎಳೆಗಳನ್ನು ಅಂಚಿನ ಉದ್ದಕ್ಕೂ ಒತ್ತೊತ್ತಾಗಿ ಕೂರಿಸಿದ್ದರು, ಹಳದಿ ಗೋಪುರಗಳಷ್ಟೇ ಕಾಣುವಂತೆ ಬಿಟ್ಟು. ವ್ಯಾಪಾರಿ ಹೊರಸಿನ ಮೇಲೆ ಕೂತಿದ್ದ, ಮೈಯೆಲ್ಲ ಬೆವರು. ಮಾವನವರು ಕಾಗದ ಕೊಟ್ಟರು. ಅವನು ಒಮ್ಮೆ ನೋಡಿ, ಮರಾಠಿಯಲ್ಲಿ ಏನೋ ಲೋಕಾಭಿರಾಮ ಮಾತಾಡುತ್ತ, ಅದೇ ಕಾಗದದಿಂದ ಗಾಳಿ ಹಾಕಿಕೊಳ್ಳತೊಡಗಿದ. ನನ್ನ ಒಂದು ವಾರದ ಹೆಣಗಾಟ ಅವನ ಕುತ್ತಿಗೆಯ ಹತ್ತಿರ ಪಟಪಟ ಅನ್ನುತ್ತಿತ್ತು.

ಆಮೇಲೆ ಬೆರಳು ನೋಡಿಕೊಂಡ. ಹೆಬ್ಬೆಟ್ಟು ಹಸಿರಾಗಿತ್ತು. ಕಾಗದದ ಮೇಲೆ ಅವನು ಹಿಡಿದ ಜಾಗದಲ್ಲಿ ಒದ್ದೆ ಕಲೆ ಹರಡಿತ್ತು. ಇಂಕ್‌ಜೆಟ್ ಶಾಯಿ ನೀರಿನ ಶಾಯಿ, ಬೆವರು ತಾಗಿದರೆ ಬಿಡುತ್ತದೆ. ಈ ಒಂದು ಸಂಗತಿ ಇಡೀ ವಾರದಲ್ಲಿ ನನ್ನ ತಲೆಗೆ ಹೊಳೆದಿರಲಿಲ್ಲ.

"ಹಾ ರಂಗ ಜಾತೋ ಕೀ," ಅಂದ ಅವನು. ಈ ಬಣ್ಣ ಹೋಗುತ್ತದಲ್ಲ ಅಂತ. ಬಟ್ಟೆ ವ್ಯಾಪಾರಿಯ ಬಾಯಿಂದ ಅದಕ್ಕಿಂತ ಕೆಟ್ಟ ಮಾತಿಲ್ಲ. ಮಾವನವರು ಕಾಗದಕ್ಕೆ ಕೈ ಚಾಚಿದರು, ಮುಗಿಯಿತು ಅನ್ನುವ ಹಾಗೆ. ನಾನು ಗೋಡೆ ನೋಡುತ್ತ ನಿಂತೆ.

ಬಾಗಿಲ ಹಿಂದೆ ನಿಂತಿದ್ದ ವೈನಿ ಹೊರಗೆ ಬಂದರು. ಮಾವನ ಮುಂದೆ, ಪರ ಗಂಡಸಿನ ಮುಂದೆ ಅವರು ಹಾಗೆ ಬಂದದ್ದು ಅದೇ ಮೊದಲಿರಬೇಕು.

"ಅದ ಕಾಗದದ ಬಣ್ಣರಿ, ಹೋಗಾವ್ನ. ಸೀರಿ ಬಣ್ಣ ಆ ಎಳ್ಯಾಗ ಐತಿ. ಅದನ್ನ ತಿಕ್ಕಿ ನೋಡ್ರಿ."

ವ್ಯಾಪಾರಿ ಒಂದು ಕೆಂಪು ಎಳೆ ಕಿತ್ತ. ಉಗುಳು ಹಚ್ಚಿ, ತನ್ನ ಬಿಳಿ ಧೋತರದ ಚುಂಗಿಗೆ ಬಲವಾಗಿ ತಿಕ್ಕಿದ. ಧೋತರ ನೋಡಿದ. ಮತ್ತೆ ತಿಕ್ಕಿದ. ಬಿಳಿ ಬಿಳಿಯಾಗಿಯೇ ಇತ್ತು. ಇದನ್ನು ಎಲ್ಲಿ ಬಣ್ಣ ಹಾಕಿಸಿದಿರಿ ಎಂದು ಮಾವನವರನ್ನು ಕೇಳಿದ. ಅವರಿಗೆ ಗೊತ್ತಿರಲಿಲ್ಲ. ಸೊಸೆಯ ಮುಖ ನೋಡಿದರು. ಆ ಮನೆಯಲ್ಲಿ ಮಗ್ಗದ ವಿಷಯಕ್ಕೆ ಅವರು ಸೊಸೆಯ ಮುಖ ನೋಡಿದ್ದನ್ನು ನಾನು ಕಂಡೆ. ವೈನಿ ಉತ್ತರ ಹೇಳಿದರು, ಅವನು ಮತ್ತೊಂದು ಕೇಳಿದ, ಅದಕ್ಕೂ ಹೇಳಿದರು. ಮಾತು ಪೂರ್ತಿ ಮರಾಠಿಗೆ ತಿರುಗಿ, ನೂಲು, ಅಂಚಿನ ಅಗಲ, ಗೋಪುರದ ಎತ್ತರ ಎಂದು ಉದ್ದವಾಯಿತು. ನನ್ನ ಹಸಿರು ಕಾಗದ ಹೊರಸಿನ ಕೆಳಗೆ ಬಿದ್ದಿತ್ತು, ಯಾರೂ ಎತ್ತಲಿಲ್ಲ.

ಅವನು ಒಪ್ಪಿದೆ ಅನ್ನಲಿಲ್ಲ. ಒಂದು ಸೀರೆ ನೇಯ್ದು ತೋರಿಸಿ, ಆಮೇಲೆ ಮಾತು ಅಂದು ಎದ್ದ. ಅವನನ್ನು ಬೀದಿಯವರೆಗೆ ಕಳಿಸಿ ಬಂದ ಮಾವನವರು ಮನೆಯೊಳಗೆ ಬರಲಿಲ್ಲ, ನೇರ ಮಗ್ಗದ ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ ನಾಲ್ಕು ಮಗ್ಗಗಳ ಖಟಖಟದಲ್ಲಿ ಒಂದರ ಸದ್ದು ನಿಂತಿತು. ವೈನಿ ಕಿವಿಗೊಟ್ಟು ಕೇಳಿದರು. ಖಾತ್ರಿ ಆದ ಮೇಲೆ ಒಳಗೆ ಹೋಗಿ ಕಾಂಡಿಗಳ ಬುಟ್ಟಿ ತಂದರು.

ನನಗೆ ಚಹಾ ಕೊಡುವುದನ್ನು ಎಲ್ಲರೂ ಮರೆತಿದ್ದರು. ಬಸ್ಸಿನಲ್ಲಿ ಕೂತು ಆ ಕಾರ್ಟ್ರಿಜ್ಜಿಗೆ ಬಾಯಿ ತುಂಬ ಬೈದೆ. ಅದು ಸರಿಹೋಗಿದ್ದರೆ ಕೆಂಪನ್ನೂ ಕಾಗದಕ್ಕೇ ಹಾಕಿ ಕೊಡುತ್ತಿದ್ದೆ, ಅದೂ ಅವನ ಬೆರಳಿಗೆ ಹತ್ತುತ್ತಿತ್ತು ಎಂದು ಗೊತ್ತಿದ್ದೂ ಬೈದೆ. ಬೈಗುಳಕ್ಕೆ ಲೆಕ್ಕಾಚಾರ ಬೇಕಾಗಿಲ್ಲ.

ಈಗ ನಿಮ್ಮ ಸರದಿ. ಯಾವ ಯಂತ್ರದ ಮುಂದೆ, ಯಾರಿಗೋಸ್ಕರ ಹೀಗೆ ವಾರಗಟ್ಟಲೆ ಹೆಣಗಿದ್ದೀರಿ? ಮನೆಯಲ್ಲಿದ್ದ ಏನನ್ನು ಹಾಕಿ ಇದ್ದದ್ದನ್ನೂ ಕೆಡಿಸಿಕೊಂಡಿರಿ? ಕೆಳಗೆ ಬರೆಯಿರಿ, ಮುಚ್ಚಿಡಬೇಡಿ. ಹೊಸದು ಕೊಂಡರೆ ಮುಗಿಯುತ್ತಿತ್ತಲ್ಲ ಎಂದು ಬುದ್ಧಿ ಹೇಳುವವರು ಮಾತ್ರ ದಯವಿಟ್ಟು ಮುಂದಿನ ಪೋಸ್ಟಿಗೆ ನಡೆಯಿರಿ.